ಸ್ವಿವೆಲ್ ಇದ್ದರೂ ನೂಲು ಹುರಿಯೇರುವುದಕ್ಕೆ ಮದ್ದು: ಸೀಸದ ರೆಕ್ಕೆ ಕಟ್ಟುವ ಕೆಲಸ

ಮೀನು ಹಿಡಿಯಲು ಎರಡು ಗಂಟೆ ಸ್ಪಿನ್ನರ್ (ಎಳೆದಾಗ ಲೋಹದ ಎಲೆ ಗಿರಗಿರ ತಿರುಗುವ ಲೂರ್, ಅಂದರೆ ಕೃತಕ ಎರೆ) ಎಸೆದು ಎಳೆದ ಮೇಲೆ ಲೂರ್ ಬಿಚ್ಚಿ, ರಾಡ್ ತುದಿಯಿಂದ ಒಂದು ಮಾರು ನೂಲು ಸಡಿಲ ಬಿಟ್ಟು ನೋಡಿ. ಸುಮ್ಮನೆ ಜೋತು ಬೀಳಬೇಕಾದ ನೂಲು ತನ್ನ ಮೈಗೆ ತಾನೇ ಸುತ್ತಿಕೊಳ್ಳುತ್ತಿದ್ದರೆ ಅದಕ್ಕೆ ಹುರಿ ಏರಿದೆ. ಎಷ್ಟು ಏರಿದೆ ಎಂದು ಅಳೆಯುವುದೂ ಸುಲಭ. ಒಂದು ಮೀಟರ್ ನೂಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕೈಗಳನ್ನು ಒಂದು ಗೇಣಿಗಿಂತ ಹತ್ತಿರ ತನ್ನಿ. ನಡುವೆ ಜೋತ ಕುಣಿಕೆ ಎಷ್ಟು ಸಲ ಸುತ್ತಿಕೊಂಡಿತು ಎಣಿಸಿ. ಎರಡು ಮೂರು ಸುತ್ತಾದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತರ ಹತ್ತಿರ ಹೋದರೆ ಮುಂದಿನ ಯಾವುದೋ ಎಸೆತದಲ್ಲಿ ಸ್ಪೂಲಿನಿಂದ ಮೂರು ನಾಲ್ಕು ಸುತ್ತು ಒಟ್ಟಿಗೆ ಹಾರಿ, ಮೊದಲನೇ ಗೈಡಿನಲ್ಲಿ ಗೋಜಲಾಗಿ, ಲೂರ್ ಒಂದು ಕಡೆ, ನೂಲು ಒಂದು ಕಡೆ.

ಇದಕ್ಕೆ ಎಲ್ಲರೂ ಹೇಳುವ ಉತ್ತರ ಒಂದೇ: ಸ್ವಿವೆಲ್ ಹಾಕಿ, ಅಂದರೆ ಎರಡು ತುದಿಯ ಬಳೆಗಳೂ ಬೇರೆಬೇರೆಯಾಗಿ ತಿರುಗಬಲ್ಲ ಚಿಕ್ಕ ಕೊಂಡಿ. ಹಾಕಿದವರ ನೂಲೂ ಹುರಿಯೇರುತ್ತದೆ. ಸ್ವಿವೆಲ್‌ಗೆ ತನ್ನದೇ ಶಕ್ತಿ ಇಲ್ಲ. ಅದರ ಒಂದು ಬಳೆಯನ್ನು ಯಾರಾದರೂ ತಿರುಗಿಸಬೇಕು, ಇನ್ನೊಂದು ಬಳೆಯನ್ನು ಯಾರಾದರೂ ತಿರುಗದಂತೆ ಹಿಡಿದಿರಬೇಕು. ತಿರುಗಿಸುವ ಕೆಲಸ ಲೂರ್ ಮಾಡುತ್ತದೆ. ಹಿಡಿದುಕೊಳ್ಳುವವರು ಯಾರು? 0.20 ಮಿ.ಮೀ. ಬ್ರೇಡ್ (ಎಳೆಗಳನ್ನು ಹೆಣೆದ) ನೂಲು ಹಿಡಿಯಲಾರದು, ಅದು ಬತ್ತಿಯಷ್ಟು ಮೆತ್ತಗೆ. ಹಾಗಾಗಿ ಲೂರ್, ಸ್ವಿವೆಲ್, ನೂಲು ಮೂರೂ ಒಟ್ಟಿಗೆ ಗಿರಗಿರನೆ ತಿರುಗುತ್ತವೆ.

ಹಿಡಿಯುವ ಆ ಕೈಯನ್ನೇ ಇಲ್ಲಿ ಸೀಸದಲ್ಲಿ ಮಾಡುವುದು. ಇದೇನೂ ಹೊಸ ಕಂಡುಹಿಡಿತವಲ್ಲ. ಬ್ರಿಟನ್ನಿನಲ್ಲಿ ಸಾಲ್ಮನ್ ಹಿಡಿಯುವವರು ರೆಕ್ಕೆಯಿದ್ದ ಡೆವನ್ ಮಿನ್ನೋ ಎಂಬ ಗಿರಕಿ ಹೊಡೆಯುವ ಲೂರ್ ಎಳೆಯುವಾಗ, ಸ್ವಿವೆಲ್‌ನ ಮೇಲ್ಗಡೆ ಕೆಳಕ್ಕೆ ಜೋತ ಹೊಟ್ಟೆಯ ಸೀಸ ಕಟ್ಟುತ್ತಿದ್ದರು. ವೈ ನದಿಯ ಹೆಸರಿನಲ್ಲಿ ಅದನ್ನು ವೈ ಲೆಡ್ ಎನ್ನುತ್ತಾರೆ. ಡೆವನ್ ಲೂರ್‌ಗಳು ಎಡಕ್ಕೆ ತಿರುಗುವವು, ಬಲಕ್ಕೆ ತಿರುಗುವವು ಎಂದು ಎರಡು ಬಗೆಯಲ್ಲಿ ಸಿಗುತ್ತಿದ್ದವು. ಒಂದರಿಂದ ಏರಿದ ಹುರಿಯನ್ನು ಇನ್ನೊಂದರಿಂದ ಬಿಚ್ಚಬಹುದಿತ್ತು. ಈಗಿನ ಎಲೆ ಸ್ಪಿನ್ನರ್‌ನಲ್ಲಿ ಈ ಉಪಾಯ ನಡೆಯದು. ಅದರ ಎಲೆಯ ಎರಡು ಮಗ್ಗುಲೂ ಒಂದೇ ರೂಪ, ಯಾವ ಕಡೆಗೆ ಬೇಕಾದರೂ ತಿರುಗಲು ಶುರು ಮಾಡುತ್ತದೆ.

ಕೆಳಗಿನ ಅಳತೆಗಳು ಅಘನಾಶಿನಿ, ಶರಾವತಿಯಂಥ ಅಳಿವೆಗಳಲ್ಲಿ ದಡದಿಂದ ಎಸೆಯುವ ಸಾಮಾನ್ಯ ಸೆಟ್ಟಿಗೆ ಹೊಂದುವಂಥವು: 7 ಅಡಿ ಮೀಡಿಯಂ ರಾಡ್, 2500 ಅಥವಾ 3000 ಸೈಜಿನ ಸ್ಪಿನ್ನಿಂಗ್ ರೀಲ್, ಪಿಇ 1.5 ಬ್ರೇಡ್ (ಸುಮಾರು 0.20 ಮಿ.ಮೀ. ದಪ್ಪ) 150 ಮೀಟರ್, ಬ್ರೇಡ್‌ನ ತುದಿಗೆ ಕಟ್ಟುವ 0.50 ಮಿ.ಮೀ. ತಂಗೂಸಿ (ಒಂಟಿ ಎಳೆಯ ನೈಲಾನ್ ನೂಲು) ಲೀಡರ್, 12ರಿಂದ 20 ಗ್ರಾಂ ಸ್ಪಿನ್ನರ್ ಅಥವಾ ಸ್ಪೂನ್ (ಚಮಚದಂತೆ ಬಾಗಿದ ಲೋಹದ ಲೂರ್).

ಮೊದಲು ಸ್ವಿವೆಲ್ ಪರೀಕ್ಷೆ

ಬಾಲ್ ಬೇರಿಂಗ್ ಸ್ವಿವೆಲ್ಲೇ ಬೇಕು. ಮಾಮೂಲಿ ಹಿತ್ತಾಳೆಯ ಬ್ಯಾರೆಲ್ ಸ್ವಿವೆಲ್‌ನಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ನೂಲು ಬಿಗಿದಷ್ಟೂ ಉಜ್ಜಾಟ ಹೆಚ್ಚು. ಕೈಯಲ್ಲಿ ಹಿಡಿದು ತಿರುಗಿಸಿದಾಗ ಚೆನ್ನಾಗಿಯೇ ತಿರುಗುತ್ತದೆ, ಭಾರ ಬಿದ್ದಾಗ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ಬರೆದದ್ದನ್ನು ನಂಬುವ ಬದಲು ಭಾರ ಹಾಕಿ ನೋಡಿ.

ಗೋಡೆಯ ಮೊಳೆಗೆ ಸ್ವಿವೆಲ್‌ನ ಮೇಲಿನ ಬಳೆ ಸಿಕ್ಕಿಸಿ. ಕೆಳಗಿನ ಬಳೆಗೆ ಒಂದು ಗೇಣು ತಂಗೂಸಿ, ಅದರ ತುದಿಗೆ ನೀರು ತುಂಬಿದ ಒಂದು ಲೀಟರ್ ಬಾಟಲಿ. ಬಾಟಲಿಯನ್ನು ನಿಧಾನವಾಗಿ ಹತ್ತು ಸುತ್ತು ತಿರುಗಿಸಿ ಕೈ ಬಿಡಿ. ಒಳ್ಳೆಯ ಸ್ವಿವೆಲ್ ಆದರೆ ಬಾಟಲಿ ಬಿಟ್ಟಲ್ಲೇ ನಿಲ್ಲುತ್ತದೆ, ಇಲ್ಲವೇ ಅದೇ ದಿಕ್ಕಿನಲ್ಲಿ ಇನ್ನೊಂದಿಷ್ಟು ಸುತ್ತಿ ನಿಲ್ಲುತ್ತದೆ. ಬಾಟಲಿ ಹಿಂದಕ್ಕೆ ಸುತ್ತತೊಡಗಿದರೆ ಹುರಿ ತಂಗೂಸಿಗೆ ಏರಿದೆ, ಸ್ವಿವೆಲ್ ತಿರುಗಲೇ ಇಲ್ಲ ಎಂದರ್ಥ. ಅಂಥದ್ದನ್ನು ಲೂರ್ ಎಳೆಯದ ಬೇರೆ ಕೆಲಸಕ್ಕೆ ಎತ್ತಿಡಿ.

ಕೊಳ್ಳುವಾಗ ಒಂದು ಗೊಂದಲ ಇದೆ. ಬ್ಯಾರೆಲ್ ಸ್ವಿವೆಲ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಸ್ವಿವೆಲ್ ಚಿಕ್ಕದು. ಬಾಲ್ ಬೇರಿಂಗ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ. ನಂಬರ್ ಬಿಟ್ಟು ಕೆಜಿ ನೋಡಿ. ಈ ಸೆಟ್ಟಿಗೆ 15ರಿಂದ 25 ಕೆಜಿ ತಡೆಯುವ, ಅದರಲ್ಲೂ ಸಿಕ್ಕಷ್ಟು ಚಿಕ್ಕ ಗಾತ್ರದ್ದು ಸಾಕು.

ರೆಕ್ಕೆ

ಬೇಕಾದದ್ದು: 1 ಮಿ.ಮೀ. ಗಡಸು ಸ್ಟೇನ್‌ಲೆಸ್ ತಂತಿ 13 ಸೆಂ.ಮೀ., 1.5 ಮಿ.ಮೀ. ದಪ್ಪದ ಸೀಸದ ತಗಡು 20×20 ಮಿ.ಮೀ., ಒಂದು ಸ್ಪ್ಲಿಟ್ ರಿಂಗ್ (ಕೀಲಿಗೊಂಚಲಿನ ರಿಂಗಿನಂಥ ಚಿಕ್ಕ ಬಳೆ), ಪರೀಕ್ಷೆ ಪಾಸಾದ ಸ್ವಿವೆಲ್ ಒಂದು. ಮೂಗಿಕ್ಕಳ, ಕಟಿಂಗ್ ಪ್ಲೈಯರ್, ಸುತ್ತಿಗೆ, 4 ಮಿ.ಮೀ. ಮೊಳೆ, ಒಂದಿಷ್ಟು ಎಪಾಕ್ಸಿ.

ಸೀಸದ ತಗಡು ಸಿಗದಿದ್ದರೆ ಬಲೆ ಸಾಮಾನಿನ ಅಂಗಡಿಗೆ ಹೋಗಿ. ಬೀಸುಬಲೆಯ ಅಂಚಿಗೆ ಪೋಣಿಸುವ ಸೀಸದ ಮಣಿಗಳನ್ನು ತೂಕದಲ್ಲಿ ಕೊಡುತ್ತಾರೆ. ಮಣಿಯನ್ನು ಉದ್ದಕ್ಕೆ ಸೀಳಿ ಬಿಡಿಸಿ, ಚಪ್ಪಟೆ ಕಬ್ಬಿಣದ ಮೇಲಿಟ್ಟು ತಣ್ಣಗೇ ಬಡಿಯಿರಿ. ಕರಗಿಸುವ ಗೋಜಿಗೆ ಹೋಗಬೇಡಿ, ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಬಡಿದು ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ.

20×20×1.5 ಎಂದರೆ 0.6 ಘನ ಸೆಂ.ಮೀ., ಸೀಸದಲ್ಲಿ 6.8 ಗ್ರಾಂ. ಚಿನ್ನ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ತೂಗಿಕೊಳ್ಳಿ. ಬಡಿದು ಮಾಡಿದ ತಗಡಿನ ದಪ್ಪ ಒಂದೇ ಸಮ ಇರುವುದಿಲ್ಲ.

ತಂತಿಯ ಒಂದು ತುದಿಯಿಂದ 4 ಸೆಂ.ಮೀ. ಬಿಟ್ಟು ಮೊಳೆಯ ಸುತ್ತ ಬಗ್ಗಿಸಿ ಕುಣಿಕೆ ಮಾಡಿ, ಉಳಿದ ಬಾಲವನ್ನು ಮೂರು ಬಿಗಿ ಸುತ್ತು ಸುತ್ತಿ ಕತ್ತರಿಸಿ. ಕತ್ತರಿಸಿದ ಮೊನೆಯನ್ನು ಇಕ್ಕಳದಲ್ಲಿ ಒತ್ತಿ ಮಲಗಿಸದಿದ್ದರೆ ಎಸೆಯುವಾಗ ಬ್ರೇಡ್ ಅದಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಕುಣಿಕೆಗೆ ಮೊದಲು ತಂತಿಯ ಮಧ್ಯದಲ್ಲಿ ಇಕ್ಕಳದಿಂದ 2 ಮಿ.ಮೀ. ಆಳದ ಚಿಕ್ಕ ಡೊಂಕು ಮಾಡಿ. ಇದನ್ನು ಬಿಡುವವರೇ ಹೆಚ್ಚು. ನೇರ ತಂತಿಗೆ ಸೀಸ ಮಡಚಿದರೆ ಎಷ್ಟೇ ಒತ್ತಿದ್ದರೂ ನಾಲ್ಕು ಸಲ ಕಲ್ಲಿಗೆ ಬಡಿದ ಮೇಲೆ ಸೀಸ ಸಡಿಲಾಗುತ್ತದೆ. ಆಮೇಲೆ ಸೀಸ ಕೆಳಗೆ ಜೋತಿರುತ್ತದೆ, ಒಳಗಿನ ತಂತಿ ಮಾತ್ರ ತಿರುಗುತ್ತಿರುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಡೊಂಕು ಸೀಸದೊಳಗೆ ಹುದುಗಿದ್ದರೆ ಸೀಸ, ತಂತಿ ಎರಡೂ ಒಂದೇ ತುಂಡಿನಂತೆ ನಿಲ್ಲುತ್ತವೆ.

ಎರಡನೇ ಕುಣಿಕೆಯನ್ನು ಮೊದಲಿನದಕ್ಕೆ ಸುಮಾರು 45 ಮಿ.ಮೀ. ದೂರದಲ್ಲಿ ಕಟ್ಟಿ. ತಗಡಿನ ನಡುಗೆರೆಗೆ ಎಪಾಕ್ಸಿ ಸವರಿ, ಡೊಂಕು ಕೆಳಮುಖವಾಗಿ ಕೂರುವಂತೆ ತಂತಿಯನ್ನು ಇಟ್ಟು, ಪುಸ್ತಕ ಮುಚ್ಚಿದಂತೆ ಮಡಚಿ ಒತ್ತಿ. ಈಗ ತಂತಿಯ ಕೆಳಗೆ 10 ಮಿ.ಮೀ. ಆಳ, 20 ಮಿ.ಮೀ. ಉದ್ದದ ರೆಕ್ಕೆ. ಕೆಳಗಿನ ಎರಡು ಮೂಲೆಗಳನ್ನು ಅರದಿಂದ ದುಂಡಗೆ ಮಾಡಿ, ಇಲ್ಲದಿದ್ದರೆ ತೇಲುವ ಪಾಚಿಯೆಲ್ಲ ಅಲ್ಲಿಗೇ ಬರುತ್ತದೆ. ಹಿಂದಿನ ಕುಣಿಕೆಗೆ ಸ್ಪ್ಲಿಟ್ ರಿಂಗ್, ಅದಕ್ಕೆ ಸ್ವಿವೆಲ್. ಎಪಾಕ್ಸಿ ಒಂದು ರಾತ್ರಿ ಒಣಗಲಿ.

ಜೋಡಣೆ

ಬ್ರೇಡ್‌ಗೆ ಎಫ್‌ಜಿ ಗಂಟಿನಿಂದ 60 ಸೆಂ.ಮೀ. ಲೀಡರ್. ಲೀಡರ್ ತುದಿ ರೆಕ್ಕೆಯ ಮುಂದಿನ ಕುಣಿಕೆಗೆ, ಯೂನಿ ಗಂಟು, ನಾಲ್ಕು ಸುತ್ತು. ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ಸ್ವಿವೆಲ್‌ನ ಹಿಂದಿನ ಬಳೆಯಿಂದ ಅದೇ 0.50 ತಂಗೂಸಿ 40ರಿಂದ 45 ಸೆಂ.ಮೀ., ತುದಿಯಲ್ಲಿ ಸ್ನ್ಯಾಪ್ (ತೆರೆದು ಮುಚ್ಚುವ ಚಿಕ್ಕ ಕೊಕ್ಕೆ), ಅದಕ್ಕೆ ಸ್ಪಿನ್ನರ್.

ಲೂರ್‌ನ ಕಡೆ ದಪ್ಪ ತಂಗೂಸಿಯೇ ಏಕೆ ಎಂದರೆ, ಲೂರ್ ತಿರುಗಿದ್ದು ಸ್ವಿವೆಲ್‌ಗೆ ಮುಟ್ಟಬೇಕು. ತಿರುಚಿಗೆ ತಂಗೂಸಿ ಕೊಡುವ ಎದುರು ಬಿಗಿ ಅದರ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 0.30ರ ಬದಲು 0.50 ಹಾಕಿದರೆ ಬಿಗಿ ಏಳೂವರೆ ಪಟ್ಟಿಗೂ ಹೆಚ್ಚು. ತೆಳು ತಂಗೂಸಿ ಹುರಿಯನ್ನೆಲ್ಲ ತಾನೇ ನುಂಗಿ, ಸ್ವಿವೆಲ್ ಮಾತ್ರ ನಿದ್ದೆ ಮಾಡುತ್ತಿರುತ್ತದೆ. ಇದೇ ಕಾರಣಕ್ಕೆ ಸ್ವಿವೆಲ್‌ನ ಹಿಂದೆ ಬ್ರೇಡ್ ತುಂಡು ಕಟ್ಟಿ ಲೂರ್ ಹಾಕುವುದು ಶುದ್ಧ ವ್ಯರ್ಥ.

45 ಸೆಂ.ಮೀ.ಗಿಂತ ಉದ್ದ ಬಿಟ್ಟರೆ ಎಸೆತದಲ್ಲಿ ಸೀಸ, ಲೂರ್ ಎರಡೂ ಒಂದನ್ನೊಂದು ಸುತ್ತುತ್ತ ಹಾರುತ್ತವೆ. ದೂರವೂ ಹೋಗದು, ಇಳಿದ ಮೇಲೆ ಮುಳ್ಳು ಲೀಡರ್‌ಗೇ ಸಿಕ್ಕಿರುತ್ತದೆ. ಲೂರ್‌ನ ತೂಕ ಸೀಸಕ್ಕಿಂತ ಜಾಸ್ತಿಯೇ ಇರಬೇಕು: 6.8 ಗ್ರಾಂ ರೆಕ್ಕೆಗೆ 12 ಗ್ರಾಂ ಸ್ಪಿನ್ನರ್ ಸರಿ, 5 ಗ್ರಾಂ ಸ್ಪಿನ್ನರ್ ಕಟ್ಟಿದರೆ ಸೀಸವೇ ಮುಂದೆ ಹಾರಿ ಲೂರ್ ಹಿಂದಿನಿಂದ ಬಂದು ನೂಲಿಗೆ ತಗುಲುತ್ತದೆ. ಎಸೆಯುವಾಗ ಜಾಡಿಸಬೇಡಿ, ತೂಗಿ ಬಿಡಿ. ಲೂರ್ ನೀರಿಗೆ ಬೀಳುವ ಮುನ್ನ ಸ್ಪೂಲಿನ ಅಂಚಿಗೆ ತೋರುಬೆರಳು ತಾಗಿಸಿ ನೂಲನ್ನು ಸ್ವಲ್ಪ ತಡೆದರೆ ಲೂರ್ ಮುಂದೆ, ಸೀಸ ಹಿಂದೆ ಸಾಲಾಗಿ ಬೀಳುತ್ತವೆ.

ನೀರಿನಲ್ಲಿ ನೋಡುವುದು

ಸ್ವಿವೆಲ್‌ನ ಹಿಂದಿನ ಬಳೆಯ ಒಂದು ಮಗ್ಗುಲಿಗೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಡಿ. ರೆಕ್ಕೆಯ ಒಂದು ಮುಖಕ್ಕೂ ಬಳಿಯಿರಿ. ದಕ್ಕೆಯ ಪಕ್ಕದಲ್ಲೋ ದೋಣಿಯ ಮಗ್ಗುಲಲ್ಲೋ, ತಿಳಿ ನೀರಿರುವ ಕಡೆ ಎರಡು ಮೀಟರ್ ನೂಲು ಬಿಟ್ಟು ರಾಡ್ ತುದಿಯಿಂದ ಎಳೆಯುತ್ತ ನಡೆಯಿರಿ. ಬಳೆಯ ಚುಕ್ಕೆ ಮಿಣುಕುತ್ತ ತಿರುಗಬೇಕು, ರೆಕ್ಕೆಯ ಕೆಂಪು ಮುಖ ಒಂದೇ ಕಡೆ ನೋಡುತ್ತಿರಬೇಕು. ಅಷ್ಟಾದರೆ ಕೆಲಸ ಮುಗಿಯಿತು.

ರೆಕ್ಕೆ ಓಲಾಡಿದರೆ ಪರವಾಗಿಲ್ಲ. ಪೂರ್ತಿ ಮಗುಚಿದರೆ ಸೀಸ ಸಾಲದು, ಆದರೆ ಸುಮ್ಮನೆ ತೂಕ ಏರಿಸಬೇಡಿ. ಉದ್ದಕ್ಕಿಂತ ಆಳ ಮುಖ್ಯ. 30×15 ತಗಡನ್ನು 15 ಮಿ.ಮೀ. ಆಳಕ್ಕೆ ಮಡಚಿದರೆ ತೂಕ 7.7 ಗ್ರಾಂ, ಮೊದಲಿನದಕ್ಕಿಂತ ಒಂದು ಗ್ರಾಂ ಕೂಡ ಹೆಚ್ಚಿಲ್ಲ. ಆದರೆ ಭಾರದ ನಡು ತಂತಿಯಿಂದ 5ರ ಬದಲು 7.5 ಮಿ.ಮೀ. ಕೆಳಗಿಳಿಯುತ್ತದೆ, ಮಗುಚದಂತೆ ಹಿಡಿಯುವ ಬಲ ಸುಮಾರು 1.7 ಪಟ್ಟಾಗುತ್ತದೆ.

ರೆಕ್ಕೆ ನೆಟ್ಟಗಿದ್ದು ಚುಕ್ಕೆಯೂ ನಿಂತಿದ್ದರೆ? ಲೂರ್‌ನ ಮೈ ತಿರುಗುತ್ತಿಲ್ಲ, ಎಲೆ ಮಾತ್ರ ತಿರುಗುತ್ತಿದೆ. ಅದೇ ಬೇಕಾದದ್ದು. ಆ ಸ್ಪಿನ್ನರ್‌ಗೆ ರೆಕ್ಕೆಯ ಅಗತ್ಯವೇ ಇಲ್ಲ, ನೇರ ಸ್ವಿವೆಲ್ ಸ್ನ್ಯಾಪಿಗೆ ಹಾಕಿ.

ಚಿಕ್ಕ ಸ್ಪಿನ್ನರ್, ಸ್ಪೂನ್, ರಬ್ಬರ್ ಮೀನು

ಕೆರೆಯಲ್ಲಿ ಎಸೆಯುವ 5ರಿಂದ 7 ಗ್ರಾಂ ಸ್ಪಿನ್ನರ್‌ಗೆ ಸೀಸದ ರೆಕ್ಕೆ ಹೊರೆ. ಅಲ್ಲಿ ಸ್ಪಿನ್ನರ್‌ನ ತಂತಿಯನ್ನೇ ಬಗ್ಗಿಸಿ. ಎಲೆ ಕೂರುವ ಕೊಂಡಿಗೂ ಮೂತಿಯ ಕುಣಿಕೆಗೂ ನಡುವೆ, 15ರಿಂದ 20 ಡಿಗ್ರಿ ಮೇಲಕ್ಕೆ. ಆಗ ಎಳೆಯುವ ಗೆರೆ ಮೈಯ ಗೆರೆಗಿಂತ ಮೇಲೆ ಬಿದ್ದು, ಮೈ ಜೋತು ತಾನೇ ರೆಕ್ಕೆಯಾಗುತ್ತದೆ. ಕೊಂಡಿಯ ಹಿಂದೆ ಬಗ್ಗಿಸಿದರೆ ಎಲೆ ತಡವರಿಸಿ ನಿಂತೇ ಹೋಗುತ್ತದೆ. 30 ಡಿಗ್ರಿ ದಾಟಿದರೂ ಅದೇ ಗತಿ. ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿದರೆ ತಂತಿ ಮುರಿಯುತ್ತದೆ. ಒಂದೇ ಸಲಕ್ಕೆ ಸರಿಯಾಗಿ ಬಗ್ಗಿಸಿ.

ಸ್ಪೂನ್ ಓಲಾಡಬೇಕೇ ಹೊರತು ಗಿರಕಿ ಹೊಡೆಯಬಾರದು. ಗಿರಕಿ ಹೊಡೆಯುತ್ತಿದ್ದರೆ ತಪ್ಪು ಸ್ಪೂನಿನದಲ್ಲ, ಹ್ಯಾಂಡಲ್ ತಿರುಗಿಸುವ ಕೈಯದ್ದು. ವೇಗ ಇಳಿಸಿ. ರಾಡ್ ತುದಿಯ ಮಿಡಿತದಲ್ಲೇ ಗೊತ್ತಾಗುತ್ತದೆ: ಓಲಾಟ ಇದ್ದರೆ ಟಕ್ ಟಕ್ ಎಂದು ಬಿಡಿಬಿಡಿ ಬಡಿತ, ಗಿರಕಿ ಇದ್ದರೆ ಝುಮ್ ಎಂಬ ಒಂದೇ ಸಮ ನಡುಕ. ಮೂತಿಗೆ ಸ್ಪ್ಲಿಟ್ ರಿಂಗ್, ಅದಕ್ಕೆ ಅತಿ ಚಿಕ್ಕ ಬಾಲ್ ಬೇರಿಂಗ್ ಸ್ವಿವೆಲ್. ದೊಡ್ಡದು ಹಾಕಿದರೆ ಓಲಾಟ ಸಾಯುತ್ತದೆ.

ರಬ್ಬರ್ ಮೀನಿನಿಂದ ಹುರಿ ಬರುವುದು ಹೆಚ್ಚಾಗಿ ಮುಳ್ಳು ಡೊಂಕಾಗಿ ಹೊಕ್ಕಾಗ. ಜಿಗ್ ಹೆಡ್ಡನ್ನು (ತಲೆಗೆ ಭಾರ ಕೂರಿಸಿದ ಮುಳ್ಳು) ಮೀನಿನ ಪಕ್ಕದಲ್ಲಿಟ್ಟು ಮುಳ್ಳಿನ ಬಾಗು ಎಲ್ಲಿ ಬರುತ್ತದೋ ಬೆನ್ನ ಮೇಲೆ ಅಲ್ಲಿ ಉಗುರಿನಿಂದ ಗೀರಿ, ಮೂತಿಯ ನಟ್ಟನಡುವೆ ಚುಚ್ಚಿ ಆ ಗೀರಿನಲ್ಲೇ ಹೊರತೆಗೆಯಿರಿ. ಮೈ ಕುಗ್ಗಿ ಸುಕ್ಕಾಗಿದ್ದರೆ ತೆಗೆದು ಮತ್ತೆ ಚುಚ್ಚಿ. ಸ್ವಿವೆಲ್ ಹಾಕಿ ಇದನ್ನು ಮುಚ್ಚಿಡಬಹುದು, ಆದರೆ ಗಿರಗಿರ ತಿರುಗುವ ರಬ್ಬರ್ ಮೀನನ್ನು ಬಾರಾಮಂಡಿ ಮೂಸಿಯೂ ನೋಡದು.

ತುಟಿಯಿದ್ದ ಮಿನ್ನೋ ಲೂರ್‌ಗೆ ಸ್ವಿವೆಲ್ ಬೇಡ, ಬರೀ ಸ್ನ್ಯಾಪ್ ಸಾಕು. ಅದು ಮಗುಚಿ ಸುತ್ತುತ್ತಿದ್ದರೆ ಮೂತಿಯ ಬಳೆ ಸೊಟ್ಟಗಿದೆ. ಲೂರ್ ಬಲಕ್ಕೆ ಹೋದರೆ ಬಳೆಯನ್ನು ಎಡಕ್ಕೆ ಕೂದಲೆಳೆಯಷ್ಟು ಬಗ್ಗಿಸಿ, ಎಸೆದು ನೋಡಿ.

ಲೂರ್ ಮೇಲೆ ಹೊರಿಸುವ ರೀಲಿನ ತಪ್ಪು

ಇಷ್ಟೆಲ್ಲ ಮಾಡಿದ ಮೇಲೂ ಹುರಿ ಏರುತ್ತಿದ್ದರೆ ರೀಲ್ ಕಡೆ ತಿರುಗಿ. ಸ್ಪಿನ್ನಿಂಗ್ ರೀಲ್‌ನಲ್ಲಿ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ನೂಲು ಬಿಟ್ಟುಕೊಡುವ ಬ್ರೇಕು) ಜಾರಿ ಸ್ಪೂಲ್ ಒಂದು ಸುತ್ತು ತಿರುಗಿದರೆ ನೂಲಿಗೆ ಒಂದು ಹುರಿ, ಲೆಕ್ಕ ಅಷ್ಟೇ. 2500 ಸೈಜಿನ ತುಂಬಿದ ಸ್ಪೂಲಿನ ಅಡ್ಡಳತೆ 45 ಮಿ.ಮೀ. ಎಂದಿಟ್ಟುಕೊಂಡರೆ ಸುತ್ತಳತೆ 14 ಸೆಂ.ಮೀ.; ಮೀನು 10 ಮೀಟರ್ ನೂಲು ಎಳೆದುಕೊಂಡು ಹೋದರೆ 70 ಹುರಿ. ಅದು ಮೀನಿನ ಹಕ್ಕು, ಬಿಡಿ. ಆದರೆ ಮೀನು ಎಳೆಯುತ್ತಿರುವಾಗಲೇ ಹ್ಯಾಂಡಲ್ ತಿರುಗಿಸುತ್ತಿದ್ದರೆ ನೂಲು ಒಳಬರದೆಯೇ ಹುರಿ ಸೇರುತ್ತದೆ: 5.2:1 ಗೇರಿನಲ್ಲಿ ಹ್ಯಾಂಡಲ್‌ನ ಒಂದು ಸುತ್ತಿಗೆ ಐದಕ್ಕೂ ಹೆಚ್ಚು. ಡ್ರ್ಯಾಗ್ ಕಿರುಗುಟ್ಟುವಾಗ ಹ್ಯಾಂಡಲ್ ನಿಲ್ಲಿಸಿ. ರಾಡ್ ಎತ್ತಿ ಮೀನನ್ನು ತನ್ನಿ, ರಾಡ್ ಇಳಿಸುತ್ತ ಸುತ್ತಿ. ಕಲ್ಲಿಗೆ ಸಿಕ್ಕಿದ ಲೂರ್ ಎದುರು ಹ್ಯಾಂಡಲ್ ತಿರುಗಿಸುವುದಂತೂ ಇನ್ನೂ ಕೆಟ್ಟದ್ದು.

ಡ್ರ್ಯಾಗನ್ನು ಕೈ ಅಂದಾಜಿಗೆ ಬಿಡಬೇಡಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೂಲು ಸಿಕ್ಕಿಸಿ ಎಳೆಯಿರಿ. 9 ಕೆಜಿ ಬ್ರೇಡ್‌ಗೆ 2ರಿಂದ 2.5 ಕೆಜಿಯಲ್ಲಿ ಜಾರಬೇಕು. 500 ಗ್ರಾಮಿಗೇ ಜಾರುತ್ತಿದ್ದರೆ ಬರೀ ಲೂರ್ ಎಳೆತಕ್ಕೂ ಸ್ಪೂಲ್ ಸದ್ದಿಲ್ಲದೆ ತಿರುಗುತ್ತಿರುತ್ತದೆ.

ನೂಲನ್ನು ಹಿಡಿದು ಸ್ಪೂಲಿಗೆ ಸುತ್ತುವ ಬೇಲ್ ತಂತಿಯ ಬುಡದ ರೋಲರ್ ನೋಡಿ. ಉಪ್ಪು ಕಚ್ಚಿ ನಿಂತಿದ್ದರೆ ನೂಲು ಉರುಳದೆ ಉಜ್ಜಿಕೊಂಡು ಬರುತ್ತದೆ. ಸಿಹಿನೀರಿನಲ್ಲಿ ತೊಳೆದು ಒಂದು ಹನಿ ಎಣ್ಣೆ. ಎಸೆತದ ನಂತರ ಬೇಲನ್ನು ಕೈಯಿಂದಲೇ ಮುಚ್ಚಿ, ನೂಲನ್ನೊಮ್ಮೆ ಬಿಗಿದು ಆಮೇಲೆ ಸುತ್ತಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಖಾಲಿ ಇರಲಿ.

ಹೊಸ ತಂಗೂಸಿ ತುಂಬುವಾಗ ಉಂಡೆಯನ್ನು ಲೇಬಲ್ ಮೇಲಾಗಿ ನೆಲದ ಮೇಲಿಟ್ಟು, ನೂಲನ್ನು ಬಟ್ಟೆಯಲ್ಲಿ ಹಿಡಿದು, ಹ್ಯಾಂಡಲ್ 15 ಸುತ್ತು ತಿರುಗಿಸಿ ನಿಲ್ಲಿ. ನೂಲು ಸಡಿಲ ಬಿಡಿ. ಸುರುಳಿಯೇಳುತ್ತಿದ್ದರೆ ಉಂಡೆ ಮಗುಚಿ ಹಾಕಿ ಮುಂದುವರಿಸಿ. ಉಂಡೆಗೆ ಪೆನ್ಸಿಲ್ ತೂರಿಸಿ ಉರುಳಿಸಬೇಕೋ ನೆಲದ ಮೇಲಿಡಬೇಕೋ ಎಂಬ ಜಗಳ ಮುಗಿಯುವಂಥದ್ದಲ್ಲ. 15 ಸುತ್ತಿಗೆ ನಿಲ್ಲಿಸಿ ನೋಡುವವರಿಗೆ ಆ ಜಗಳ ಬೇಕಿಲ್ಲ. ಬ್ರೇಡ್ ಸುರುಳಿ ತೋರಿಸುವುದಿಲ್ಲ, ಹಾಗೆಂದು ಅದಕ್ಕೆ ಹುರಿಯೇ ಏರದು ಎಂದುಕೊಳ್ಳುವುದು ತಪ್ಪು. ಮೊದಲು ಹೇಳಿದಂತೆ ಅಳೆದು ನೋಡದಿದ್ದರೆ ಅದರ ಹುರಿ ಗೋಜಲಾದ ದಿನವೇ ಕಾಣುವುದು.

ಈಗಾಗಲೇ ಏರಿದ್ದನ್ನು ಇಳಿಸಲು

ರೆಕ್ಕೆ, ಲೂರ್, ಸ್ನ್ಯಾಪ್ ಎಲ್ಲ ಬಿಚ್ಚಿ, ತುದಿ ಬರಿದಾಗಿರಲಿ. ಇಳಿತದ ಸೆಳೆತ ಇರುವಾಗ ದಕ್ಕೆಯ ತುದಿಯಿಂದ ನೂಲನ್ನು ಬಿಡುತ್ತ ಹೋಗಿ, ನಿಮ್ಮ ಅತಿ ಉದ್ದದ ಎಸೆತಕ್ಕಿಂತ ಇಪ್ಪತ್ತು ಮೀಟರ್ ಹೆಚ್ಚೇ. ಐದು ನಿಮಿಷ ನೀರು ಎಳೆಯಲಿ, ಹುರಿ ತುದಿಯಿಂದ ತಾನೇ ಬಿಚ್ಚಿಕೊಳ್ಳುತ್ತದೆ. ದೋಣಿ ಹೋಗುವ ದಾರಿಯಲ್ಲಿ ಮಾತ್ರ ಬೇಡ. ಸುತ್ತಿಕೊಳ್ಳುವಾಗ ರೀಲಿನ ಮುಂದೆ ಒದ್ದೆ ಬಟ್ಟೆಯಲ್ಲಿ ನೂಲು ಹಿಡಿದಿರಿ, ಉಳಿದ ಹುರಿ ಬಟ್ಟೆಯ ಮುಂದೆ ಮುಂದೆ ಸರಿಯುತ್ತದೆ. ಕೊನೆಯ ಮೂರು ನಾಲ್ಕು ಮೀಟರ್ ಹೆಣೆದುಕೊಂಡೇ ಬಂದರೆ ಅದನ್ನು ಕತ್ತರಿಸಿ ಹಾಕುವುದೇ ಸುಲಭ. ಕತ್ತರಿಸಿದ ತುಂಡು ಜೇಬಿಗೆ, ನೀರಿಗಲ್ಲ.

ಅಳಿವೆಯಿಂದ ಮರಳಿದ ದಿನವೇ ರೆಕ್ಕೆಯನ್ನು ಸ್ವಿವೆಲ್ ಸಮೇತ ಸಿಹಿನೀರಿನಲ್ಲಿ ಅದ್ದಿಡಿ. ಮರಳು ಹೊಕ್ಕು ಕಿರುಗುಟ್ಟುವ ಸ್ವಿವೆಲ್‌ಗೆ ಎಣ್ಣೆ ಹಾಕಿ ಉಳಿಸಲು ಹೋಗಬೇಡಿ. ಸ್ಪ್ಲಿಟ್ ರಿಂಗಿನಿಂದ ತೆಗೆದು ಹೊಸದು ಹಾಕಿ. ಸ್ವಿವೆಲನ್ನು ತಂತಿಯ ಕುಣಿಕೆಗೆ ನೇರ ಸುತ್ತದೆ ನಡುವೆ ರಿಂಗ್ ಇಟ್ಟದ್ದು ಅದಕ್ಕೇ.